‘ಪ್ಯಾರಲಲ್ ಕಂಪ್ರೆಷನ್’: ಸಮಾನಾಂತರವೇ, ಕವಲೇ?

ಸ್ಯಾಂಪಲ್ ಡ್ರಮ್ಸ್ (ಮೊದಲೇ ಮುದ್ರಿಸಿಟ್ಟ ಡ್ರಮ್ ಪೆಟ್ಟುಗಳು) ಮಿಕ್ಸ್ ಮಾಡುವ ಬಗೆಯನ್ನು ಕನ್ನಡದಲ್ಲಿ ವಿವರಿಸುವ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ‘ಪ್ಯಾರಲಲ್ ಕಂಪ್ರೆಷನ್’ ಎಂಬಲ್ಲಿ ‘ಸಮಾನಾಂತರ ಸಂಪೀಡನ’ ಎಂದು ಎರಡು ಬಾರಿ ಬರೆದು, ಎರಡು ಬಾರಿಯೂ ಹೊಡೆದುಹಾಕಿದ್ದೇನೆ.

ಸ್ನೇರ್ ಎಂಬ ಡ್ರಮ್ಮಿನ ಧ್ವನಿಯನ್ನು ಎರಡಾಗಿ ಕವಲೊಡೆಸಿ, ಒಂದನ್ನು ಇದ್ದ ಹಾಗೆಯೇ ಬಿಟ್ಟು, ಇನ್ನೊಂದನ್ನು ಜೋರು ಧ್ವನಿಯನ್ನು ತಗ್ಗಿಸುವ ಕಂಪ್ರೆಸರ್‌ನಲ್ಲಿ ಬಲವಾಗಿ ಅದುಮಿ, ಕೊನೆಗೆ ಎರಡನ್ನೂ ಹದ ನೋಡಿ ಬೆರೆಸುವುದೇ ಈ ಕೆಲಸ. ಜೋರು ಪೆಟ್ಟು −6 ಡೆಸಿಬೆಲ್, ನಡುವಿನ ಮೆಲುಪೆಟ್ಟು −30 ಡೆಸಿಬೆಲ್ ಎಂದಿಟ್ಟುಕೊಳ್ಳಿ (ಸೊನ್ನೆಯೇ ಗರಿಷ್ಠ ಮಟ್ಟ). ತ್ರೆಶೋಲ್ಡ್ (ಅದುಮುವುದು ಶುರುವಾಗುವ ಮಟ್ಟ) −30, ಅನುಪಾತ 10:1 (ಆ ಮಟ್ಟ ಮೀರಿದ ಪ್ರತಿ 10 ಡೆಸಿಬೆಲ್‌ಗೆ 1 ಮಾತ್ರ ಉಳಿಯುವಂತೆ) ಇಟ್ಟರೆ ಅದುಮಿದ ಕವಲಿನಲ್ಲಿ ಜೋರು ಪೆಟ್ಟು ಲೆಕ್ಕದ ಪ್ರಕಾರ −27.6ಕ್ಕೆ ಇಳಿಯುತ್ತದೆ, ಮೆಲುಪೆಟ್ಟು ಇದ್ದಲ್ಲೇ ಇರುತ್ತದೆ. ಎರಡು ಕವಲುಗಳನ್ನೂ ಹಾಗೆಯೇ ಕೂಡಿಸಿದಾಗ ಮೆಲುಪೆಟ್ಟು 6 ಡೆಸಿಬೆಲ್ ಏರುತ್ತದೆ. ಜೋರು ಪೆಟ್ಟು ಒಂದು ಡೆಸಿಬೆಲ್‌ನಷ್ಟೂ ಏರುವುದಿಲ್ಲ. ಯಂತ್ರ ಅದುಮುತ್ತದೆ, ಕಿವಿಗೆ ಮಾತ್ರ ಎತ್ತಿದಂತೆ ಕೇಳಿಸುತ್ತದೆ. ಪದವು ಇವೆರಡರಲ್ಲಿ ಯಾವುದನ್ನು ಹೇಳಬೇಕು ಎಂಬುದೇ ನನ್ನ ಮೊದಲ ತೊಡಕು.

‘ಸಂಪೀಡನ’ವನ್ನು ಭೌತಶಾಸ್ತ್ರದವರು ಶಬ್ದದ ಅಲೆಯಲ್ಲಿ ಗಾಳಿ ಒತ್ತೊತ್ತಾಗುವುದಕ್ಕೆ ಬಳಸುತ್ತಾರೆ, ಶಬ್ದದ ಬಗೆಗಿನ ಬರಹದಲ್ಲಿಯೇ ಅದಕ್ಕೆ ಇನ್ನೊಂದು ಅರ್ಥ ಹೊರಿಸಿದರೆ ಓದುಗರು ದಾರಿ ತಪ್ಪುತ್ತಾರೆ. (ಅದರೊಳಗಿನ ‘ಪೀಡೆ’ ಬೇರೆ ನನಗೆ ಹಿಡಿಸದು.) ‘ಒತ್ತು’ ಎಂದರೆ ತಾಳದ ಮಾತಿನಲ್ಲಿ ಪೆಟ್ಟಿಗೆ ಒತ್ತು ಕೊಟ್ಟಂತಾಗಿ ಅರ್ಥ ತಿರುಗುಮುರುಗಾಗುತ್ತದೆ. ಆದ್ದರಿಂದ ‘ಅದುಮಿಕೆ’ಯತ್ತ ಒಲಿದಿದ್ದೇನೆ.

‘ಸಮಾನಾಂತರ’ ಎಂದೊಡನೆ ಎಂದೂ ಕೂಡದ ರೈಲು ಹಳಿಗಳು ಕಣ್ಣಿಗೆ ಬರುತ್ತವೆ, ಇಲ್ಲಿಯಾದರೋ ಕೂಡುವುದೇ ಮುಖ್ಯ. ವಿದ್ಯುತ್ತಿನ ಪಾಠದಲ್ಲಿ ಸಮಾನಾಂತರ ಜೋಡಣೆಯ ಪ್ರವಾಹವೂ ಕವಲೊಡೆದು ಮತ್ತೆ ಸೇರುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೂ ಶ್ರೀರಂಗಪಟ್ಟಣದಲ್ಲಿ ಎರಡಾಗಿ ಹರಿದು ಸಂಗಮದಲ್ಲಿ ಒಂದಾಗುವ ಕಾವೇರಿಯನ್ನು ನೋಡಿದವರಿಗೆ ‘ಕವಲು’ ಎಂದರೆ ವಿವರಣೆಯೇ ಬೇಡ. ಒಂದು ಕವಲು ಒಂದು ಮಿಲಿಸೆಕೆಂಡ್ ತಡವಾಗಿ ಬಂದರೂ ಸಮಬಲದ ಎರಡು ಕವಲುಗಳು 500 ಹರ್ಟ್ಸ್‌ನಲ್ಲಿ ಒಂದನ್ನೊಂದು ಅಳಿಸಿಬಿಡುವುದರಿಂದ ಸ್ನೇರ್ ಟೊಳ್ಳಾಗುತ್ತದೆ. ಇದನ್ನು ಹೇಳುವಾಗಲೂ ಕವಲಿನ ಮಾತು ಸಲೀಸಾಗಿ ಒದಗಿತು. ‘ನ್ಯೂಯಾರ್ಕ್ ಕಂಪ್ರೆಷನ್’ ಎಂಬ ಅಡ್ಡಹೆಸರನ್ನು ಒಮ್ಮೆ ಹೇಳಿ ಬಿಡಬಹುದು, ಅದರಿಂದ ಕೆಲಸವೇನೂ ತಿಳಿಯದು. ‘ಸ್ಯಾಂಪಲ್’ ಹಾಗೆಯೇ ಇರಲಿ. ‘ಮಾದರಿ ಡ್ರಮ್ಸ್’ ಎಂದರೆ ಅಂಗಡಿಯ ಗಾಜಿನ ಹಿಂದೆ ಇಟ್ಟದ್ದೆನಿಸುತ್ತದೆ.

ಉಳಿದ ಪ್ರಶ್ನೆ ಸಂಧಿಯದು. ಲೋಪಸಂಧಿ ಮಾಡಿ ‘ಕವಲದುಮಿಕೆ’ ಎಂದು ಬರೆದರೆ ಕಣ್ಣು ‘ಕವಲದು’ ಎಂದು ಓದಿ ಮುಗ್ಗರಿಸುತ್ತದೆ. ‘ಕವಲು ಅದುಮಿಕೆ’ ಎಂದು ಬಿಡಿಸಿಯೇ ಬರೆಯುವುದು ಸರಿಯೇ, ಅಥವಾ ‘ಅದುಮು’ವಿನ ಬದಲು ‘ಅಮುಕು’ ಹಿಡಿದರೂ ಇದೇ ತೊಡಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.