ಅಪ್‌ಡೇಟ್: ಮಗಳ ರಕ್ತದ ರಿಪೋರ್ಟ್ ಕೊನೆಗೂ ಅರ್ಥವಾಯಿತು

ಕಳೆದ ತಿಂಗಳು ಕೇಳಿದ್ದೆ: ಮಗಳಿಗೆ 22 ತಿಂಗಳು, ಹಿಮೋಗ್ಲೋಬಿನ್ 10.1, ಮೂರು ತಿಂಗಳು ಐರನ್ ಸಿರಪ್ ಕೊಟ್ಟರೂ ಏರಲಿಲ್ಲ, ಯಾಕೆ ಅಂತ. ಉತ್ತರ ಸಿಕ್ಕಿತು. ಅವಳಿಗೆ ಬೀಟಾ ಥಲಸ್ಸೆಮಿಯಾ ಟ್ರೇಟ್ ಇದೆ, ಅಂದರೆ ಹಿಮೋಗ್ಲೋಬಿನ್ ಕಡಿಮೆ ಮಾಡುವ ವಂಶವಾಹಿ ದೋಷ ತಂದೆ-ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿರುವುದು.

ಬದಿಯಡ್ಕದಿಂದ ಬೆಳಗ್ಗಿನ ಬಸ್ಸಿಗೆ ಮಂಗಳೂರಿಗೆ ಹೋದೆವು. ಡಾಕ್ಟರ್ ಹಳೆಯ ರಿಪೋರ್ಟಿನಲ್ಲೇ ಎರಡು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಎಂಸಿವಿ 62, ಅಂದರೆ ಕೆಂಪು ಕಣಗಳು ತುಂಬಾ ಸಣ್ಣವು. ಆದರೆ ಆರ್‌ಬಿಸಿ 5.6, ಕಣಗಳ ಸಂಖ್ಯೆ ಜಾಸ್ತಿ. 62ನ್ನು 5.6ರಿಂದ ಭಾಗಿಸಿದರೆ ಸುಮಾರು 11. ಇದು 13ಕ್ಕಿಂತ ಕಡಿಮೆ ಬಂದರೆ ಟ್ರೇಟ್ ಇರಬಹುದು, ಜಾಸ್ತಿ ಬಂದರೆ ಕಬ್ಬಿಣದ ಕೊರತೆ ಇರಬಹುದು. ಸುಳಿವು ಅಷ್ಟೇ, ತೀರ್ಮಾನ ಅಲ್ಲ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಸರಿಯಾಗಿಯೇ ಇತ್ತು. ಹಿಮೋಗ್ಲೋಬಿನ್‌ನ ವಿಧಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಎಚ್‌ಬಿಎ2 ಎಂಬ ವಿಧ ಶೇ. 5.2 ಬಂತು. ಸಾಮಾನ್ಯವಾಗಿ ಅದು 3.5ರ ಒಳಗಿರುತ್ತದೆ. ಅಲ್ಲಿಗೆ ಖಚಿತವಾಯಿತು.

ಸಿರಪ್ ನಿಲ್ಲಿಸಿದ್ದೇವೆ. ಪಾಪ, ಸುಮ್ನೆ ಮೂರು ತಿಂಗಳು ಕುಡಿಸಿದೆವು, ಮುಂದಿನ ಹಲ್ಲಿನ ಮೇಲೆ ಕಪ್ಪು ಕಲೆ ಇನ್ನೂ ಇದೆ. ಫೆರಿಟಿನ್ ಮೊದಲೇ ನೋಡಬೇಕಿತ್ತು ಅಲ್ವಾ, ಅದೇ ಬೇಜಾರು. ಮುಂದೆ ನಿಜವಾಗಿ ಕಬ್ಬಿಣ ಕಡಿಮೆಯಾದರೆ ಮಾತ್ರ ಕೊಡಬೇಕಂತೆ.

ನಮ್ಮಿಬ್ಬರಿಗೂ ಪರೀಕ್ಷೆ ಆಯಿತು. ಗಂಡನಿಗೆ ಟ್ರೇಟ್ ಇದೆ, ನನಗಿಲ್ಲ. ಅದನ್ನು ಓದಿ ಅಲ್ಲೇ ಬೆಂಚಿನಲ್ಲಿ ಕೂತು ಅತ್ತುಬಿಟ್ಟೆ. ಇಬ್ಬರಿಗೂ ಇದ್ದಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಥಲಸ್ಸೆಮಿಯಾ ಮೇಜರ್ (ಮತ್ತೆ ಮತ್ತೆ ರಕ್ತ ಕೊಡಿಸಬೇಕಾಗುವ ತೀವ್ರ ರೂಪ) ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾದಿನಿಗೆ ಈಗ ಕುಂಬಳೆ ಕಡೆಯ ಸಂಬಂಧ ನೋಡುತ್ತಿದ್ದಾರೆ. ಮೊದಲು ಅವಳ ಪರೀಕ್ಷೆ ಮಾಡಿಸೋಣ ಎಂದು ಅತ್ತೆಯೇ ಹೇಳಿದರು. ಸೋಮವಾರ ಹೋಗುತ್ತಿದ್ದೇವೆ.