ರೆಲ್ 10 ವಿಎಂ ಬೂಟ್ ಆಗ್ತಿಲ್ಲ, ಬರೀ ಕರ್ನಲ್ ಪ್ಯಾನಿಕ್

ರಾತ್ರಿಪಾಳಿ:
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ರೆಲ್ 10ಕ್ಕೆ (ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್) ಹೊಸ ವಿಎಂ, ಅಂದರೆ ವರ್ಚುವಲ್ ಮೆಷಿನ್, ಮಾಡಿದೆ. ಪವರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೇ "ಅಟೆಂಪ್ಟೆಡ್ ಟು ಕಿಲ್ ಇನಿಟ್" ಅಂತ ಪ್ಯಾನಿಕ್, ಮೊದಲ ಪ್ರೋಗ್ರಾಮ್ (ಇನಿಟ್) ಸತ್ತು ಕರ್ನಲ್ ಅಲ್ಲೇ ನಿಂತುಬಿಡುತ್ತೆ. ಐಎಸ್‌ಒ ಚೆಕ್‌ಸಮ್ ಎರಡು ಸಲ ನೋಡಿದೆ, ಸರಿ ಇದೆ. ಮೆಮೊರಿ 8 ಜಿಬಿಗೆ ಏರಿಸಿದೆ, ಅದೇ ಕಥೆ. ಪಕ್ಕದಲ್ಲೇ ರೆಲ್ 9 ಆರಾಮಾಗಿ ಓಡ್ತಿದೆ. ಸೋಮವಾರ ಅಪ್ಲಿಕೇಶನ್ ಟೀಮಿಗೆ ಕೊಡಬೇಕು. ದಯವಿಟ್ಟು ದಾರಿ ತೋರಿಸಿ.

ಬೂಟ್‌ಲೋಡರ್:
ಡಿಸ್ಕ್ ಕಂಟ್ರೋಲರ್ ನೋಡಿ. ಹಳೇ ಎಲ್‌ಎಸ್‌ಐ ಲಾಜಿಕ್ ಇದ್ದರೆ ತೆಗೆದು ಪಿವಿಸ್ಕಸಿ ಅನ್ನೋ ಕಂಟ್ರೋಲರ್ ಹಾಕಿ. ನೂರಕ್ಕೆ ನೂರು ಅದೇ.

ಹಳೇಹುಲಿ:
ಯಾವ ಹೈಪರ್‌ವೈಸರ್ (ವಿಎಂ ಓಡಿಸೋ ಸಾಫ್ಟ್‌ವೇರ್)? ಅದು ಕೂತಿರೋ ಹೋಸ್ಟ್ ಯಂತ್ರದಲ್ಲಿ ಯಾವ ಸಿಪಿಯು? ಪ್ಯಾನಿಕ್ ಸಾಲಿನ ಮೇಲೆ ಏನಿದೆ?

ರಾತ್ರಿಪಾಳಿ:
ವಿಎಂವೇರ್‌ನ ವಿಸ್ಫಿಯರ್ 7 ಸರ್, ನಾಲ್ಕು ಹೋಸ್ಟ್‌ಗಳ ಕ್ಲಸ್ಟರ್. ಪಿವಿಸ್ಕಸಿ ಹಾಕಿದೆ, ಏನೂ ಬದಲಾಗಲಿಲ್ಲ.

ಬೂಟ್‌ಲೋಡರ್:
ಹಾಗಾದ್ರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಫೈಲ್‌ಗಳ ಕಟ್ಟು) ಒಳಗೆ ಡ್ರೈವರ್ ಸೇರಿಲ್ಲ. ರೆಸ್ಕ್ಯೂ ಮೋಡ್‌ಗೆ ಹೋಗಿ, ಆ ಕಟ್ಟು ಮಾಡೋ ಡ್ರಾಕಟ್ ಮತ್ತೆ ಓಡಿಸಿ.

ರಾತ್ರಿಪಾಳಿ:
ರೆಸ್ಕ್ಯೂ ಎಲ್ಲಿಂದ ಬರಬೇಕು? ಇನ್‌ಸ್ಟಾಲರೇ ಮೇಲೇಳ್ತಿಲ್ಲ.

ಹಳೇಹುಲಿ:
ಇದನ್ನ ಮೊದಲೇ ಹೇಳಬೇಕಿತ್ತು. ಡಿಸ್ಕ್ ಡ್ರೈವರ್ ಇಲ್ಲದಿದ್ರೆ ಡ್ರಾಕಟ್ ಒಂದಷ್ಟು ಹೊತ್ತು ಕಾದು ಎಮರ್ಜೆನ್ಸಿ ಶೆಲ್‌ಗೆ ತಂದು ನಿಲ್ಲಿಸುತ್ತೆ. ಇಲ್ಲಿ ಇನಿಟ್ಟೇ ಸಾಯ್ತಿದೆ. ಆ ಮೇಲಿನ ಸಾಲು ಬೇಕು.

ಬೂಟ್‌ಲೋಡರ್:
ಸಿಡಿ ಡ್ರೈವ್ ಸಾಟಾನಾ, ಐಡಿಇನಾ? ಅದನ್ನೂ ಬದಲಿಸಿ. ಸೆಕ್ಯೂರ್ ಬೂಟ್ ಆಫ್ ಮಾಡಿ.

ಮನೆಲ್ಯಾಬ್:
ನಾನು ಪ್ರಾಕ್ಸ್‌ಮಾಕ್ಸ್ (ಇನ್ನೊಂದು ಹೈಪರ್‌ವೈಸರ್) ಮೇಲೆ ರೆಲ್ 10 ಹಾಕಿದೆ, ಮೊದಲ ಸಲಕ್ಕೇ ಎದ್ದಿತು. ಮೂರು ನೋಡ್, ಝಡ್‌ಎಫ್‌ಎಸ್ ಮಿರರ್, 10 ಗಿಗಾಬಿಟ್ ಸ್ವಿಚ್, ಎಲ್ಲಾ ನಾನೇ ಕೂತು ಜೋಡಿಸಿದ್ದು. ಸಿಪಿಯು ಟೈಪ್ "ಹೋಸ್ಟ್" ಅಂತ ಇಟ್ಟಿದ್ದೆ ಅಷ್ಟೇ, ಹೋಸ್ಟ್‌ನ ಸಿಪಿಯು ಹಾಗೇ ಕಾಣಲಿ ಅಂತ.

ನಿಯಮಪಾಲಕ:
ಪ್ರಾಕ್ಸ್‌ಮಾಕ್ಸ್ ರೆಡ್ ಹ್ಯಾಟ್‌ನ ಸರ್ಟಿಫೈಡ್ ಹೈಪರ್‌ವೈಸರ್ ಪಟ್ಟಿಯಲ್ಲಿಲ್ಲ. ಪ್ರೊಡಕ್ಷನ್‌ಗೆ ಅದನ್ನ ಹೇಳಿಕೊಡಬೇಡಿ. ಸಪೋರ್ಟ್ ಕೇಸ್ ಹಾಕಿದ ದಿನ, ಪಟ್ಟಿಯಲ್ಲಿರೋ ವೇದಿಕೆ ಮೇಲೆ ಇದೇ ತೊಂದರೆ ತೋರಿಸಿ ಅಂತ ಕೇಳಬಹುದು.

ಮನೆಲ್ಯಾಬ್:
ಒಳಗಿರೋದು ರೆಡ್ ಹ್ಯಾಟ್ ಬಳಸೋ ಅದೇ ಕೆವಿಎಂ (ಲಿನಕ್ಸ್ ಕರ್ನಲ್‌ನಲ್ಲಿ ವಿಎಂ ಓಡಿಸೋ ಭಾಗ) ತಾನೇ?

ನಿಯಮಪಾಲಕ:
ಕೆವಿಎಂ ಅದೇ ಇರಬಹುದು. ಅದರ ಮೇಲೆ ವಿಎಂಗೆ ಹಾರ್ಡ್‌ವೇರ್ ತೋರಿಸೋ ಕ್ಯೂಇಎಂಯು ಯಾರು ಕಟ್ಟಿದ್ದು, ಯಾರು ಪರೀಕ್ಷೆ ಮಾಡಿದ್ದು? ಸಪೋರ್ಟ್ ನಿಂತಿರೋದೇ ಅದರ ಮೇಲೆ.

ರಾತ್ರಿಪಾಳಿ:
ಸಾಲು ಸಿಕ್ತು. ಸ್ಕ್ರೀನ್ ಓಡಿ ಹೋಗ್ತಿತ್ತು, ಫೋನಲ್ಲಿ ವಿಡಿಯೋ ಮಾಡಿ ಫ್ರೇಮ್ ಫ್ರೇಮ್ ನಿಲ್ಲಿಸಿ ಓದಿದೆ: "ಫೇಟಲ್ ಜಿಲಿಬ್‌ಸಿ ಎರರ್: ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ3". ಆದರೆ ಈ ವಿಎಂ ಕೂತಿರೋ ಹೋಸ್ಟ್‌ನ ಸಿಪಿಯು ಇಂಟೆಲ್‌ನ ಬ್ರಾಡ್‌ವೆಲ್, ಅದರಲ್ಲಿ ವಿ3 ಇರಬೇಕಲ್ಲ!

ಹಳೇಹುಲಿ:
ಇದೇ ನೋಡಿ. ವಿ2, ವಿ3 ಅಂದ್ರೆ ಸಿಪಿಯುಗೆ ಗೊತ್ತಿರಬೇಕಾದ ಇನ್‌ಸ್ಟ್ರಕ್ಷನ್‌ಗಳ ಮಟ್ಟ. ರೆಲ್ 9ಕ್ಕೆ ವಿ2 ಸಾಕು, ಅದಕ್ಕೇ ಅದು ಓಡ್ತಿದೆ. ರೆಲ್ 10ಕ್ಕೆ ವಿ3 ಬೇಕು, ಅಂದರೆ ಎವಿಎಕ್ಸ್2, ಎಫ್‌ಎಂಎ, ಬಿಎಂಐ ಎಲ್ಲಾ ಇರಬೇಕು. ಇಂಟೆಲ್‌ನಲ್ಲಿ ಇವೆಲ್ಲ ಒಟ್ಟಿಗೆ ಬಂದಿದ್ದು 2013ರ ಹ್ಯಾಸ್‌ವೆಲ್‌ನಿಂದ. ಬ್ರಾಡ್‌ವೆಲ್‌ನಲ್ಲಿ ಇವೆ, ಆದರೆ ಗೆಸ್ಟ್‌ಗೆ, ಅಂದರೆ ವಿಎಂ ಒಳಗೆ, ಕಾಣ್ತಿವೆಯಾ? ರೆಲ್ 9 ವಿಎಂ ಒಳಗೆ ಎಲ್‌ಎಸ್‌ಸಿಪಿಯು ಓಡಿಸಿ ಫ್ಲ್ಯಾಗ್ಸ್ ಸಾಲು ಓದಿ. ಕ್ಲಸ್ಟರ್‌ನ ಇವಿಸಿ (ಎಲ್ಲ ಹೋಸ್ಟ್‌ಗಳ ಸಿಪಿಯು ಒಂದೇ ಮಟ್ಟದಲ್ಲಿ ತೋರಿಸೋ ಸೆಟ್ಟಿಂಗ್) ಮಟ್ಟ ಎಲ್ಲಿದೆ ನೋಡಿ. ವಿಎಂ ಹಾರ್ಡ್‌ವೇರ್ ವರ್ಷನ್ 11ಕ್ಕಿಂತ ಹಳೇದಾಗಿರಬಾರದು.

ರಾತ್ರಿಪಾಳಿ:
ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಇವಿಸಿ "ಐವಿ ಬ್ರಿಡ್ಜ್"ನಲ್ಲಿದೆ. ನಾಲ್ಕನೇ ಹೋಸ್ಟ್ ಹ್ಯಾಸ್‌ವೆಲ್‌ಗಿಂತ ಹಳೇ ಐವಿ ಬ್ರಿಡ್ಜ್, ಅದಕ್ಕೋಸ್ಕರ ಇಟ್ಟಿದ್ದು. ಅದು ಮುಖ್ಯ ಅಂತ ಅನ್ನಿಸಿರಲಿಲ್ಲ.

ಹಳೇಹುಲಿ:
ವಿಮೋಷನ್ (ಓಡ್ತಿರೋ ವಿಎಂ ಬೇರೆ ಹೋಸ್ಟ್‌ಗೆ ಸಾಗಿಸೋದು) ಎಲ್ಲ ಹೋಸ್ಟ್‌ಗಳ ನಡುವೆ ನಡೀಲಿ ಅಂತ ಇವಿಸಿ ಹೊಸ ಸಿಪಿಯುಗಳನ್ನೂ ಹಳೇದರ ಮಟ್ಟಕ್ಕೆ ಇಳಿಸಿ ತೋರಿಸುತ್ತೆ. ಆ ಹೋಸ್ಟ್ ಖಾಲಿ ಮಾಡಿ ಕ್ಲಸ್ಟರ್‌ನಿಂದ ಹೊರಗೆ ತನ್ನಿ, ಇವಿಸಿ ಬ್ರಾಡ್‌ವೆಲ್‌ಗೆ ಏರಿಸಿ.

ರಾತ್ರಿಪಾಳಿ:
ಮೂರರಲ್ಲೂ ಬ್ರಾಡ್‌ವೆಲ್ ಇದೆ, ಏರಿಸಿದೆ. ರೆಲ್ 9 ವಿಎಂ ರೀಬೂಟ್ ಮಾಡಿ ನೋಡಿದೆ, ಎವಿಎಕ್ಸ್2 ಇನ್ನೂ ಕಾಣ್ತಿಲ್ಲ.

ಹಳೇಹುಲಿ:
ರೀಬೂಟ್ ಸಾಲದು. ಪೂರ್ತಿ ಪವರ್ ಆಫ್ ಮಾಡಿ ಆನ್ ಮಾಡಿ.

ರಾತ್ರಿಪಾಳಿ:
ಬಂತು! ರೆಲ್ 10 ಇನ್‌ಸ್ಟಾಲರ್ ಭಾಷೆ ಆರಿಸೋ ಪರದೆಯಲ್ಲಿ ನಿಂತಿದೆ. ತುಂಬಾ ಉಪಕಾರ ಆಯ್ತು ಸರ್.

ಬೂಟ್‌ಲೋಡರ್:
ಪಿವಿಸ್ಕಸಿ ಹಾಗೇ ಇರಲಿ, ತೆಗೀಬೇಡಿ.

ಮನೆಲ್ಯಾಬ್:
ಹೊರಗೆ ತಂದ ಆ ಹಳೇ ಹೋಸ್ಟ್ ಸುಮ್ಮನೆ ಇಡಬೇಡಿ. ರೆಲ್‌ಗೆ ಹೊಂದಿಕೊಳ್ಳೋ ಅಲ್ಮಾಲಿನಕ್ಸ್ 10 ವಿ2ಗೂ ಬೇರೆ ಬಿಲ್ಡ್ ಕೊಡುತ್ತೆ.

ನಿಯಮಪಾಲಕ:
ಅವರ ಅಪ್ಲಿಕೇಶನ್ ಕೊಟ್ಟವರು ಅಲ್ಮಾಗೆ ಸಪೋರ್ಟ್ ಕೊಡ್ತಾರಾ ಮೊದಲು ಕೇಳಲಿ.

ಹೊಸಬ_22:
ನನಗೂ ಇದೇ ಪ್ಯಾನಿಕ್, ಆದರೆ ಮೈಕ್ರೋಸಾಫ್ಟ್‌ನ ಹೈಪರ್-ವಿ. ಅಲ್ಲಿ ಇವಿಸಿ ಎಲ್ಲಿರುತ್ತೆ?

ಹಳೇಹುಲಿ:
ಇವಿಸಿ ಇಲ್ಲ. ವಿಎಂ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಕೆಳಗೆ ಕಂಪ್ಯಾಟಿಬಿಲಿಟಿ ಟಿಕ್ ಇದೆಯಾ ನೋಡಿ, ಅದೂ ಸಿಪಿಯುವನ್ನ ಇಳಿಸಿ ತೋರಿಸುತ್ತೆ. ಸಿಪಿಯು ಯಾವುದು ಅಂತಾನೂ ಹೇಳಿ.