ಸೊಂಟದ ಕೀಲು ಬದಲಾಯಿಸಿ 19 ದಿನ: ನೋವಿಗಿಂತ ಸುಮ್ಮನೆ ಕುಳಿತಿರುವುದೇ ಕಷ್ಟವಾಗಿದೆ

ತೋಟದಮನೆ, ಹೊಸನಗರ ತಾಲ್ಲೂಕು:

ನನಗೆ 61 ವರ್ಷ. ಮಳೆಗಾಲದಲ್ಲಿ ಬಸ್ಸು ಬಂದರೆ ಬಂತು ಎನ್ನುವಂಥ ಊರು, ನಾಲ್ಕು ಎಕರೆ ಅಡಿಕೆ ತೋಟ. ನಾಲ್ಕು ವರ್ಷ ಬಲಗಾಲನ್ನು ಎಳೆದುಕೊಂಡೇ ತೋಟ ಸುತ್ತಿದೆ. ತೊಡೆಸಂದಿನ ನೋವು ಮೊಣಕಾಲಿನವರೆಗೆ ಇಳಿಯುತ್ತಿದ್ದುದರಿಂದ ಮೊದಲ ಎರಡು ವರ್ಷ ಮೊಣಕಾಲಿಗೇ ಎಣ್ಣೆ ತಿಕ್ಕಿಸಿಕೊಂಡೆ. ಕೊನೆಗೆ ಎಕ್ಸ್‌-ರೇ ನೋಡಿದ ಡಾಕ್ಟರು, ತೊಡೆಮೂಳೆಯ ಗುಂಡಿಗೂ ಅದು ಕೂರುವ ಬಟ್ಟಲಿಗೂ ನಡುವೆ ಏನೂ ಉಳಿದಿಲ್ಲ, ಮೂಳೆಗೆ ಮೂಳೆ ಉಜ್ಜುತ್ತಿದೆ ಎಂದರು. ಅಡಿಕೆಗೆ ಮೊದಲನೆಯ ಔಷಧಿ ಹೊಡೆಸಿ ಆಗಿದೆ, ಇನ್ನು ಮಳೆಯಲ್ಲಿ ಹೇಗೂ ಬಿಡುವು ಎಂದು ಲೆಕ್ಕ ಹಾಕಿ ಜೂನ್ ಮೂರನೆಯ ವಾರ ಶಿವಮೊಗ್ಗದಲ್ಲಿ ಆಪರೇಷನ್ ಮಾಡಿಸಿಕೊಂಡೆ.

ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಐದನೆಯ ದಿನ ಮನೆಗೆ ಕಳಿಸಿದರು. ಹಳೆಯ ನೋವು ಆಪರೇಷನ್ ಆದ ದಿನವೇ ಹೋಯಿತು, ಸುಳ್ಳು ಹೇಳಬಾರದು. ಈಗ ಇರುವುದು ಕೊಯ್ದ ಗಾಯದ ನೋವು. ಅದೂ ದಿನಕ್ಕೆ ಒಂದೆಳೆ ಕಡಿಮೆಯಾಗುತ್ತಿದೆ. ನಾನು ಕೇಳಬೇಕಾಗಿರುವುದು ಬೇರೆ.

ನಮ್ಮ ಮನೆಯಲ್ಲಿ ಬದುಕೆಲ್ಲ ನಡೆಯುವುದು ನೆಲದ ಮೇಲೆ. ಊಟ ನೆಲದ ಮೇಲೆ, ದೇವರ ಮುಂದೆ ಮಣೆ, ಅಡಿಕೆ ಸುಲಿಯುವ ಕಾಲಕ್ಕೆ ಮೆಟ್ಟುಗತ್ತಿ. ನನಗೋ ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕುರ್ಚಿ ಮೊಣಕಾಲಿಗಿಂತ ಎತ್ತರವಿರಬೇಕು. ಎಲ್ಲರೂ ಎಲೆಯ ಮುಂದೆ ಕುಳಿತರೆ ನಾನೊಬ್ಬ ಮೇಲೆ, ಭಾಷಣಕ್ಕೆ ಬಂದ ಮುಖ್ಯ ಅತಿಥಿಯ ಹಾಗೆ. ಮೊನ್ನೆ ಕನ್ನಡಕ ಕೆಳಗೆ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಮುಕ್ಕಾಲು ಗಂಟೆ ಅದು ಬಿದ್ದ ಜಾಗವನ್ನೇ ನೋಡುತ್ತ ಕುಳಿತಿದ್ದೆ.

ಬಚ್ಚಲು ಹಿತ್ತಿಲ ಕಡೆಗಿದೆ. ಅಲ್ಲಿಗೆ ಹೋಗಲು ಮೂರು ಹೊಸ್ತಿಲು ದಾಟಬೇಕು. ಅಜ್ಜ ಹಾಕಿಸಿದ ಹೊಸ್ತಿಲುಗಳು, ಒಂದೊಂದೂ ಗೇಣೆತ್ತರ. ಮನೆಯವಳು ಹಿಂದೆ ನಿಂತು ಕೈ ಕೊಡಬೇಕು, ಪಂಚೆ ಉಡಿಸಬೇಕು, ಮೈ ಒರೆಸಬೇಕು. 36 ವರ್ಷದ ಸಂಸಾರದಲ್ಲಿ ಅವಳ ಮುಂದೆ ಹೀಗೆ ನಿಂತವನಲ್ಲ. ಮೊನ್ನೆ ಅವಳು ಬಿಸಿನೀರು ಹೊಯ್ಯುತ್ತಿದ್ದಾಗ ಅಳು ಬಂದುಬಿಟ್ಟಿತು. ನೀರಿನ ಜೊತೆ ನೀರು, ಅವಳಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ರಾತ್ರಿಯ ಕಥೆ ಹೇಳುವುದೇ ಬೇಡ. ಅಂಗಾತ ಮಲಗಬೇಕು, ಕಾಲುಗಳ ನಡುವೆ ದಿಂಬು. ಹಂಚಿನ ಮೇಲೆ ಮಳೆ, ಕರೆಂಟು ಇಲ್ಲ. ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೆ ಮಾಡಿನ ಪಕಾಸು ಎಣಿಸುವ ಕೆಲಸ. 23 ಇವೆ. ಅದರಲ್ಲಿ ಒಂದಕ್ಕೆ ಗೆದ್ದಲು ಹಿಡಿದಿದೆ.

ನೋಡಲು ಬಂದವರೊಬ್ಬರು, ‘ಇದು ಹಂದಿಗೋಡು ಕಾಯಿಲೆಯೋ ಏನೋ, ಮಕ್ಕಳಿಗೂ ಬರಬಹುದು’ ಎಂದು ಮನೆಯವಳ ಎದುರೇ ಹೇಳಿ, ಕಾಫಿ ಕುಡಿದು ಹೋದರು.

ಈ ಮಂಕು ಎಲ್ಲರಿಗೂ ಕವಿಯುತ್ತದೆಯೇ, ನಾನೇ ಗಟ್ಟಿಯಿಲ್ಲವೇ? ಮತ್ತೆ ನೆಲಕ್ಕೆ ಕುಳಿತುಕೊಳ್ಳುವುದು ಎಂದಿಗೆ? ಬಲಗಾಲು ಉದ್ದವಾದಂತೆ ಅನಿಸುತ್ತದೆ, ಅದು ಭ್ರಮೆಯೇ? ಮುಂದಿನ ವಾರ ಎರಡನೆಯ ಔಷಧಿ ಹೊಡೆಸಬೇಕು. ಅಡಿಕೆಯ ಕೊಳೆ ರೋಗ ನನ್ನ ಸೊಂಟ ಸರಿಯಾಗಲಿ ಎಂದು ಕಾಯುವುದಿಲ್ಲ.

ಟೀಚರಮ್ಮ, ವಿನೋಬನಗರ, ಶಿವಮೊಗ್ಗ:

ತೋಟದವರೇ, ನನ್ನ ಎಡಗಡೆಯ ಕೀಲು 2017ರಲ್ಲಿ, ಬಲಗಡೆಯದು 2019ರಲ್ಲಿ. ಒಂದೇ ಪರೀಕ್ಷೆಗೆ ಎರಡು ಸಲ ಕುಳಿತವಳ ಮಾತು ಎಂದು ಓದಿಕೊಳ್ಳಿ.

ಮಂಕು ಬರುತ್ತದೆ. ನನಗೆ ಮೊದಲ ಸಲ ಎರಡನೆಯ ವಾರ ಹಿಡಿದದ್ದು ಐದನೆಯ ವಾರ ಬಿಟ್ಟಿತು. ಹಾಲು ಉಕ್ಕಿತೆಂದು ಅತ್ತೆ. ಸೊಸೆ ಬಂದು ಒಲೆ ಒರೆಸಿದಳು, ನನ್ನಿಂದ ಒರೆಸಲಾಗಲಿಲ್ಲವಲ್ಲ ಎಂದು ಇನ್ನಷ್ಟು ಅತ್ತೆ. ಗಟ್ಟಿತನದ ಪ್ರಶ್ನೆಯೇ ಇದಲ್ಲ. ನಿದ್ದೆ ಕೆಟ್ಟಿದೆ, ಹೋದ ರಕ್ತ ಇನ್ನೂ ತುಂಬಿಲ್ಲ, ಬಲವಾದ ನೋವಿನ ಮಾತ್ರೆ ತಲೆಯನ್ನೂ ಹೊಟ್ಟೆಯನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಹೊಟ್ಟೆಯ ವಿಷಯ ನೀವು ಬರೆದಿಲ್ಲ, ಗಂಡಸರು ಬರೆಯುವುದಿಲ್ಲ. ಐದು ದಿನ ಕಟ್ಟಿಕೊಂಡು ನಾನು ಪಟ್ಟ ಪಾಡಿನ ಮುಂದೆ ಗಾಯದ ನೋವು ಏನೇನೂ ಅಲ್ಲ. ನೀರು ಕುಡಿಯಿರಿ, ಪಪ್ಪಾಯಿ ತಿನ್ನಿ. ಆದರೂ ಆಗದಿದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಫೋನು ಮಾಡಿ ಔಷಧಿ ಕೇಳಿ. ತಿಣುಕಬೇಡಿ.

ನೆಲದ ವಿಷಯವನ್ನು ಬೆಲ್ಲ ಸವರದೆ ಹೇಳುತ್ತೇನೆ. ಕೆಲವರಿಗೆ ಕೆಲವು ತಿಂಗಳಾದ ಮೇಲೆ ಡಾಕ್ಟರು ಒಪ್ಪಿಗೆ ಕೊಡುತ್ತಾರೆ. ನನಗೆ ಕೊಡಲಿಲ್ಲ. 2017ರಿಂದ ನಾನು ಚಕ್ಕಳಮಕ್ಕಳ ಹಾಕಿಲ್ಲ. ಮೊದಲ ಗೌರಿ ಹಬ್ಬದಲ್ಲಿ ಕುರ್ಚಿಯಲ್ಲಿ ಕುಳಿತು ಪೂಜೆ ಮಾಡುವಾಗ, ದೇವಿಗಿಂತ ಮೇಲೆ ಕುಳಿತೆನಲ್ಲ ಎಂದು ಸಂಕಟಪಟ್ಟೆ. ಮರುವರ್ಷ ಗೌರಿಯನ್ನೇ ಮೇಜಿನ ಮೇಲೆ ಕೂರಿಸಿದೆ. ಅವಳು ಏನೂ ಅನ್ನಲಿಲ್ಲ.

ಇನ್ನೆರಡು ಮಾತು. ವಾಕರ್ ಬಿಟ್ಟು ಕೋಲು ಹಿಡಿದಾಗ ಅದು ಎಡಗೈಯಲ್ಲಿರಲಿ, ಕೊಯ್ದದ್ದು ಬಲಗಾಲಾದ್ದರಿಂದ. ಕೊಯ್ದ ಕಡೆಯ ಕೈಯಲ್ಲೇ ಹಿಡಿಯಬೇಕೆಂದು ನಾನೇ ತೀರ್ಮಾನಿಸಿ ಹತ್ತು ದಿನ ಬಾತುಕೋಳಿಯಂತೆ ನಡೆದೆ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು. ಗೋಡೆಯ ಮೇಲೆ ಬರೆದು ಅಂಟಿಸಿ, ಮರೆತುಹೋಗುತ್ತದೆ.

ಮತ್ತೆ ಆ ಕನ್ನಡಕಕ್ಕೆ ಒಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬಾರದೇ?

ಹಳ್ಳಿಹೈದ, ತೀರ್ಥಹಳ್ಳಿ:

ನಮ್ಮ ಚಿಕ್ಕಪ್ಪನಿಗೂ ಇದೇ ಆಪರೇಷನ್ ಆಗಿತ್ತು. ನಾಟಿ ಎಣ್ಣೆ ಹಚ್ಚಿ ಬಲವಾಗಿ ನೀವಿಸಿದ್ದರಿಂದ ಒಂದೇ ತಿಂಗಳಲ್ಲಿ ಓಡಾಡಿದರು. ಬೇಕಿದ್ದರೆ ನೀವುವವರ ಊರು ತಿಳಿಸುತ್ತೇನೆ.

ಫಿಸಿಯೋಥೆರಪಿ ಕೆಲಸದವನು, ಸಾಗರ:

ಮೇಲಿನವರು ಬೇಸರಿಸಬಾರದು. ದಯವಿಟ್ಟು ಯಾರೂ ನೀವಿಸಬೇಡಿ. ಆಪರೇಷನ್ ಆದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿರುವುದು ಅದಕ್ಕೇ. ಇದ್ದ ಹೆಪ್ಪು ಜಾಗ ಬಿಟ್ಟು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕಾಲನ್ನು ಎಳೆದು ತಿರುಚಿದರೆ ಹೊಸ ಕೀಲು ಬಟ್ಟಲಿನಿಂದ ಹೊರಗೆ ಬರಬಹುದು.

ತೋಟದಮನೆಯವರೇ, ಕಾಲು ಉದ್ದವಾದಂತೆ ಅನಿಸುವುದು ಬಹಳ ಜನ ಹೇಳುವ ಮಾತು. ನಾಲ್ಕು ವರ್ಷ ಕುಂಟಿದ ಮೈ, ಸವೆದು ಗಿಡ್ಡವಾದ ಕಾಲಿಗೆ ಹೊಂದಿಕೊಂಡು ಸೊಂಟವನ್ನು ಓರೆ ಮಾಡಿಕೊಂಡಿರುತ್ತದೆ. ಸ್ನಾಯುಗಳು ಸಡಿಲವಾದಂತೆ ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಈಗಲೇ ಚಪ್ಪಲಿಗೆ ಅಟ್ಟೆ ಸೇರಿಸಲು ಹೋಗಬೇಡಿ.

ಕೀಲನ್ನು ಹಿಂದಿನಿಂದ ಕೊಯ್ದು ಹಾಕಿದ್ದಾರೋ ಮುಂದಿನಿಂದಲೋ ಎನ್ನುವುದರ ಮೇಲೆ ಬಗ್ಗುವ, ತಿರುಗುವ ನಿಯಮಗಳು ಬದಲಾಗುತ್ತವೆ. ನಿಮಗೆ ಹೇಳಿರುವುದು ಹಿಂದಿನಿಂದ ಕೊಯ್ದವರಿಗೆ ಹೇಳುವ ನಿಯಮ: ತೊಡೆ ಮತ್ತು ಮುಂಡದ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು, ಪಾದ ಒಳಗೆ ತಿರುಗಬಾರದು. ನೆಲಕ್ಕೆ ಕೂರುವುದನ್ನು ಮುಂದಿನ ಭೇಟಿಯಲ್ಲಿ ನಿಮ್ಮ ಸರ್ಜನ್ನರನ್ನೇ ಕೇಳಿ. ಟೀಚರಮ್ಮನವರ ಉತ್ತರವೂ ನಿಮ್ಮದಲ್ಲ, ತೀರ್ಥಹಳ್ಳಿಯ ಚಿಕ್ಕಪ್ಪನದೂ ನಿಮ್ಮದಲ್ಲ. ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಪಕಾಸು ಎಣಿಸುವಾಗಲೂ ಆಡಿಸಬಹುದು.

ಕಾಲು ಸ್ವಲ್ಪ ಊದುವುದು ಸಹಜ. ಆದರೆ ಮೀನಖಂಡ ಗಟ್ಟಿಯಾಗಿ ನೋಯುತ್ತ ಊದಿದರೆ, ಗಾಯದಿಂದ ಕೀವು ಬಂದರೆ, ಜ್ವರ ಬಂದರೆ, ಅಥವಾ ಇದ್ದಕ್ಕಿದ್ದಂತೆ ವಿಪರೀತ ನೋವಾಗಿ ಕಾಲು ಊರಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108. ನಿಮ್ಮ ಊರಿನಿಂದ ದಾರಿ ದೂರ, ಮಳೆ ಬಿಡಲಿ ಎಂದು ಕಾಯಬೇಡಿ.

ಹಂದಿಗೋಡು ನಮ್ಮ ತಾಲ್ಲೂಕಿನದೇ ಊರು. 1970ರ ದಶಕದಲ್ಲಿ ಅಲ್ಲಿ ಬೆಳಕಿಗೆ ಬಂದ ಆ ಕಾಯಿಲೆ ಕೆಲವು ಕುಟುಂಬಗಳಲ್ಲಿ ವಂಶದಿಂದ ಹರಿದುಬಂದಿರುವುದು, ಚಿಕ್ಕ ವಯಸ್ಸಿಗೇ ಸೊಂಟ, ಮೊಣಕಾಲುಗಳನ್ನು ಹಿಡಿಯುವುದು. 57ರವರೆಗೆ ತೋಟ ಸುತ್ತಿದವರ ಕೀಲು ಸವೆದರೆ ಅದಕ್ಕೆ ಆ ಹೆಸರು ಕೊಡುವ ಕಾರಣ ನನಗೆ ಕಾಣುವುದಿಲ್ಲ. ಮನಸ್ಸಿನಲ್ಲಿ ಉಳಿದಿದ್ದರೆ ಎಕ್ಸ್‌-ರೇ ನೋಡಿದ ಡಾಕ್ಟರನ್ನೇ ಕೇಳಿಬಿಡಿ.

ಮಂಕು ವಾರಗಳು ಕಳೆದರೂ ತಿಳಿಯಾಗದೆ, ಊಟ ಸೇರದೆ, ಇದ್ದು ಏನು ಪ್ರಯೋಜನ ಎನ್ನುವಂಥ ಯೋಚನೆ ಬಂದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಟೆಲಿ-ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.

ಕೊಪ್ಪದ ಕಡೆಯವಳು:

ನನಗೆ ಆಪರೇಷನ್ ಆಗಿಲ್ಲ, ನಮ್ಮ ಯಜಮಾನರಿಗೆ ಆಗಿತ್ತು. ಆದ್ದರಿಂದ ನಿಮ್ಮ ಮನೆಯವರ ಪರವಾಗಿ ಎರಡು ಮಾತು.

ಅಣ್ಣ, ನೀವು ಅತ್ತದ್ದು ಅವರಿಗೆ ಗೊತ್ತಾಗಿದೆ. ಬಚ್ಚಲ ನೀರಿಗೂ ಕಣ್ಣೀರಿಗೂ ವ್ಯತ್ಯಾಸ ತಿಳಿಯದ ಹೆಂಡತಿ ಯಾವ ಊರಿನಲ್ಲಿದ್ದಾಳೆ? ನೀವು ಮುಚ್ಚಿಟ್ಟುಕೊಂಡಿದ್ದೀರಿ ಎಂದು ಅವರೂ ಸುಮ್ಮನಿದ್ದಾರೆ, ಅಷ್ಟೇ.

ನಮ್ಮವರು ಬಾಯಿ ಬಿಟ್ಟು ಕರೆಯುತ್ತಿರಲಿಲ್ಲ. ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದರು. ಒಂದು ರಾತ್ರಿ ಹನ್ನೊಂದು ಸಲ ಬಡಿದರು, ಎಣಿಸಿದ್ದೇನೆ. ಈಗಲೂ ಮದುವೆಮನೆಯಲ್ಲಿ ಸ್ಟೀಲ್ ಲೋಟದ ಸದ್ದಾದರೆ ಎದ್ದು ನಿಲ್ಲುತ್ತೇನೆ. ಕೊನೆಗೆ ಹಳೆಯ ಬಟ್ಟೆಚೀಲವೊಂದನ್ನು ವಾಕರಿಗೆ ಕಟ್ಟಿ ಮೊಬೈಲು, ಟಾರ್ಚು, ಮಾತ್ರೆ, ನೀರಿನ ಬಾಟಲಿ ಎಲ್ಲ ಅದರಲ್ಲೇ ಇಟ್ಟೆ. ಬಡಿತ ನಿಂತಿತು. ಉದ್ದದ ಕೋಲಿಗೆ ಕೊಕ್ಕೆ ಹಾಕಿಸಿ ಕೊಟ್ಟರೆ ಬಿದ್ದ ಪಂಚೆ, ಟವೆಲ್ಲುಗಳನ್ನು ಅವರೇ ಎತ್ತಿಕೊಂಡರು. ಅಂಗಳದ ಪಾಚಿಯ ಮೇಲೆ ಅಡಿಕೆ ದಬ್ಬೆ ಹಾಸಿ ವಾಕರ್ ಊರಿದರೆ ಜಾರುತ್ತದೆ, ಅದನ್ನು ಮಾಡಬೇಡಿ. ನಾವು ಮಾಡಿ ಬೀಳುವುದರಲ್ಲಿದ್ದೆವು. ಜಗಲಿಯಲ್ಲೇ ಆಚೆಯಿಂದೀಚೆಗೆ ನಡೆಯಿರಿ.

ಹಾಗೆಯೇ, ದಿನಕ್ಕೆ ಒಂದು ಗಂಟೆ ನಿಮ್ಮ ಮನೆಯವರನ್ನು ಕರೆಯಬೇಡಿ.

ತೋಟದಮನೆ, ಹೊಸನಗರ ತಾಲ್ಲೂಕು:

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ. ಆರು ದಿನ ಕರೆಂಟು ಇರಲಿಲ್ಲ, ಮೊಬೈಲು ಸತ್ತಿತ್ತು. ಇಂದಿಗೆ 33ನೆಯ ದಿನ.

ಟೀಚರೇ, ಹೊಟ್ಟೆಯ ವಿಷಯ ಸರಿಯಾಗಿಯೇ ಊಹಿಸಿದಿರಿ. ಅದಕ್ಕೆ ಔಷಧಿಯೂ ಸಿಕ್ಕಿತು. ಕನ್ನಡಕಕ್ಕೆ ದಾರ ಕಟ್ಟಿಕೊಂಡೆ, ಮೊಮ್ಮಗಳು ವಿಡಿಯೋದಲ್ಲಿ ನೋಡಿ ನಕ್ಕಳು. ನೆಲದ ಬಗ್ಗೆ ಸರ್ಜನ್ನರನ್ನು ಕೇಳಿದೆ. ಮೂರು ತಿಂಗಳ ಎಕ್ಸ್‌-ರೇ ನೋಡದೆ ಆ ಮಾತೇ ಬೇಡ ಎಂದರು. ಆಗುವುದಿಲ್ಲ ಎಂದು ಹೇಳಲಿಲ್ಲವಲ್ಲ ಎಂದು ನಾನು, ಆಗುತ್ತದೆ ಎಂದೂ ಹೇಳಲಿಲ್ಲ ಎಂದು ಮನೆಯವಳು.

ಕೊಪ್ಪದ ತಂಗಿ, ನಿಮ್ಮ ಬರಹವನ್ನು ಅವಳಿಗೆ ಓದಿ ಹೇಳಿದೆ. ಬಚ್ಚಲ ಮಾತು ಬಂದಾಗ ಅವಳು ಒಳಗೆ ಹೋಗಿ ಒಲೆಗೆ ಕಟ್ಟಿಗೆ ಹಾಕಿ ಬಂದಳು. ಈಗ ಊಟಕ್ಕೆ ಅವಳೂ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೂ ಮಂಡಿ ನೋವಂತೆ, ಎರಡು ವರ್ಷವಾಯಿತಂತೆ. ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಳೆ ಬಿಟ್ಟಿತೆಂದು ಯಾರಿಗೂ ಹೇಳದೆ ಅಂಗಳಕ್ಕೆ ಇಳಿದೆ. ಬೀಳಲಿಲ್ಲ, ಉಂಬಳ (ಜಿಗಣೆ) ಹತ್ತಿತು. ಬಗ್ಗಲಾಗದ್ದರಿಂದ ಅದು ಕುಡಿದು ಮುಗಿಸುವವರೆಗೆ ನೋಡುತ್ತ ನಿಂತೆ. ಉಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಜೊತೆಗೆ ನಾನು ನುಂಗುತ್ತಿದ್ದ ಮಾತ್ರೆ ಬೇರೆ. ಬೆಳಿಗ್ಗೆ ಕಚ್ಚಿದ್ದಕ್ಕೆ ಮಧ್ಯಾಹ್ನದವರೆಗೆ ಬಟ್ಟೆ ಒತ್ತಿ ಹಿಡಿದದ್ದಾಯಿತು. ಬೈಗುಳದ ಲೆಕ್ಕ ಇಲ್ಲಿ ಬೇಡ.

ಎರಡನೆಯ ಔಷಧಿ ಮೊನ್ನೆ ಮುಗಿಯಿತು. ಹೊಡೆಸಿದವಳು ಅವಳೇ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಈ ಲೆಕ್ಕವೆಲ್ಲ ಅವಳಿಗೆ ಯಾವಾಗಿನಿಂದ ಗೊತ್ತೋ. ನಾನು ಕಿಟಕಿಯಿಂದ ಕೂಗಿ ಕೂಗಿ ಹೇಳಿದ್ದು ಮೋಟಾರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಒಳ್ಳೆಯದೇ ಆಯಿತು. ಸ್ವಲ್ಪ ಹೊತ್ತಿನ ಮೇಲೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಒಂದು ಬಕೆಟ್ ದ್ರಾವಣ ತಂದು ಜಗಲಿಯಲ್ಲಿ ನನ್ನ ಕುರ್ಚಿಯ ಪಕ್ಕ, ಎತ್ತರದ ಸ್ಟೂಲಿನ ಮೇಲೆ ಇಟ್ಟ. ನೆಲದ ಮೇಲೆ ಇಡಬಾರದೆಂದು ಅವಳು ಹೇಳಿ ಕಳಿಸಿದ್ದಳು. ‘ಹದ ನೋಡಬೇಕಂತೆ’ ಎಂದ. ತಿಕ್ಕಿ ಬೆಳಗಿದ ಚೂರಿಯನ್ನೂ ಕೊಟ್ಟ.

ಅದ್ದಿ, ಅರುವತ್ತು ಎಣಿಸಿ ಎತ್ತಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ‘ಸುಣ್ಣ ಸಾಲದು’ ಎಂದೆ. ಇನ್ನೊಂದು ಬೊಗಸೆ ಹಾಕಿದರು.